ಗುರು ಬರೀ ಬಿಳಿ ಉಂಡೆಯಾಗಿ ಬಂದರೆ: ಗ್ರಹಗಳ ಫೋಟೊ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ನನ್ನ 114 ಮಿ.ಮೀ. ಅಗಲದ ಕನ್ನಡಿ ಟೆಲಿಸ್ಕೋಪಿನಲ್ಲಿ ಗುರುಗ್ರಹ ಮೂರು ರಾತ್ರಿ ಮಂಜು ಮಂಜಾಗಿ ಬಂತು. ಕನ್ನಡಿಯೇ ಸರಿಯಿಲ್ಲ ಅಂತ ತೀರ್ಮಾನ ಮಾಡಿ ಅದರ ವಾಲು ಹೊಂದಿಸುವ ಹಿಂಬದಿಯ ತಿರುಪುಗಳನ್ನು ತಿರುಗಿಸಿದ್ದೇ ತಿರುಗಿಸಿದ್ದು. ನಾಲ್ಕನೇ ರಾತ್ರಿ ಟೆಲಿಸ್ಕೋಪನ್ನು ತಾರಸಿಯ ಇನ್ನೊಂದು ಮೂಲೆಗೆ ಒಯ್ದಾಗ ವಿಷಯ ಗೊತ್ತಾಯಿತು. ಅಷ್ಟು ದಿನ ನಾನು ಪಕ್ಕದ ಮನೆಯ ತಗಡಿನ ಶೀಟಿನ ಮೇಲಿಂದ ಗುರುವನ್ನು ನೋಡುತ್ತಿದ್ದೆ. ಹಗಲೆಲ್ಲ ಕಾದ ಶೀಟು ರಾತ್ರಿ ಬಿಸಿಗಾಳಿ ಬಿಡುತ್ತಿತ್ತು, ಅಷ್ಟೇ. ಜಾಗ ಬದಲಿಸಿದ ಮೇಲೆ ಗುರು ಕುದಿಯುವುದು ನಿಂತಿತು. ಆದರೆ ಒಂದು ಪಕ್ಕಕ್ಕೆ ಬಾಲ ಬಿಟ್ಟುಕೊಂಡಿತ್ತು. ಅದು ನಾನು ಸುಮ್ನೆ ತಿರುಪು ತಿರುಗಿಸಿದ್ದರ ಫಲ.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಸೆಟ್ಟಿಂಗ್, ಆಮೇಲೆ ಫೋಕಸ್, ಆಮೇಲೆ ಗಾಳಿ, ಕಟ್ಟಕಡೆಗೆ ಉಪಕರಣ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಕೆಳಗಿರುವುದೆಲ್ಲ ಸಾಮಾನ್ಯ ಡಿಎಸ್‌ಎಲ್‌ಆರ್ ಮತ್ತು 300 ಮಿ.ಮೀ. ಲೆನ್ಸು, ಉದ್ದ ಜೂಮಿನ ಬ್ರಿಜ್ ಕ್ಯಾಮೆರಾ, ಸಣ್ಣ ಟೆಲಿಸ್ಕೋಪಿಗೆ ಹಿಡಿದ ಮೊಬೈಲ್, ಇಂಥವುಗಳಿಗೆ.

ಕ್ಯಾಮೆರಾ ಎತ್ತುವ ಮುಂಚೆ

ಶುಕ್ರ, ಬುಧ ಎರಡೂ ಸೂರ್ಯನ ಆಸುಪಾಸಿನಲ್ಲೇ ಇರುತ್ತವೆ. ಸಂಜೆ ಬೆಳ್ಳಿ ಹುಡುಕುವುದಾದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಲೆನ್ಸನ್ನು ಆ ಕಡೆ ತಿರುಗಿಸಿ. ಬೆಳಗಿನ ಜಾವವಾದರೆ ಸೂರ್ಯ ಹುಟ್ಟುವ ಮುಂಚೆಯೇ ಮುಚ್ಚಳ ಹಾಕಿ, ಫೈಂಡರಿಗೂ (ಗುರಿ ಹಿಡಿಯುವ ಪುಟ್ಟ ದುರ್ಬೀನು) ಸೇರಿಸಿ. ಟೆಲಿಸ್ಕೋಪಿನಲ್ಲಿ ಅರೆಕ್ಷಣ ಸೂರ್ಯ ಕಂಡರೂ ಕಣ್ಣು ಹೋಗಬಹುದು, ಸೆನ್ಸರ್ ಸುಡಬಹುದು. ಕೆಲವು ಹಳೇ ಕಿಟ್‌ಗಳಲ್ಲಿ ಐಪೀಸಿಗೆ (ಕಣ್ಣಿಟ್ಟು ನೋಡುವ ಲೆನ್ಸು) ತಿರುಗಿಸಿ ಹಾಕುವ ಪುಟ್ಟ ಕಪ್ಪು ಸನ್ ಫಿಲ್ಟರ್ ಬರುತ್ತಿತ್ತು. ಅದು ಬಿಸಿಗೆ ಸಿಡಿಯುತ್ತದೆ. ಯಾರಿಗೂ ಕೊಡದೆ ಒಡೆದು ಕಸಕ್ಕೆ ಹಾಕಿ.

ಇನ್ನೊಂದು ಮಾತು. ಕತ್ತಲಲ್ಲಿ ಪರದೆ ನೋಡುತ್ತಾ ಹಿಂದೆ ಹೆಜ್ಜೆ ಇಡುವ ಅಭ್ಯಾಸ ನಮಗೆಲ್ಲ ಇದೆ. ನಮ್ಮ ಕಡೆ ತಾರಸಿಯ ಮೋಟುಗೋಡೆ ಎಷ್ಟೋ ಮನೆಗಳಲ್ಲಿ ಮೊಣಕಾಲಿನವರೆಗೂ ಇರುವುದಿಲ್ಲ. ಟ್ರೈಪಾಡನ್ನು ನಡುವೆಯೇ ನಿಲ್ಲಿಸಿ.

ಬಿಳಿ ಉಂಡೆ ಬರುತ್ತದೆ, ಪಟ್ಟೆ ಕಾಣುವುದಿಲ್ಲ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು (ಪಟ್ಟೆ ಅಂದರೆ ಗುರುವಿನ ಮೈಮೇಲೆ ಅಡ್ಡಕ್ಕಿರುವ ಮೋಡದ ಸಾಲುಗಳು). ನೂರಕ್ಕೆ ತೊಂಬತ್ತು ಸಲ ಬೆಳಕು ಹೆಚ್ಚಾಗಿರುವುದೇ ಕಾರಣ ಅನ್ನುವುದು ನನ್ನ ಲೆಕ್ಕ. ಕ್ಯಾಮೆರಾ ಆಟೋದಲ್ಲಿದ್ದರೆ ಅದಕ್ಕೆ ಕಾಣುವುದು ಕಪ್ಪು ಆಕಾಶ. ಅದನ್ನು ಬೆಳಗಿಸಲು ಹೋಗಿ ಗ್ರಹವನ್ನು ಸುಟ್ಟು ಬಿಳಿ ಮಾಡುತ್ತದೆ.

ನಮಗೆ ರಾತ್ರಿ, ಆದರೆ ಗುರುವಿನ ಮೇಲೆ ಬಿದ್ದಿರುವುದು ಬಿಸಿಲು. ಅದು ಸೂರ್ಯನಿಂದ ನಮಗಿಂತ ಐದು ಪಟ್ಟಿಗೂ ತುಸು ಹೆಚ್ಚು ದೂರ. ಹಾಗಾಗಿ ನಮ್ಮ ಬಿಸಿಲಿನ ಸುಮಾರು 27ನೇ ಒಂದು ಪಾಲು ಅಲ್ಲಿ ಬೀಳುತ್ತದೆ. ಅಷ್ಟಿದ್ದರೂ ಅದು ಬಿಸಿಲೇ. ರಾತ್ರಿ ದೃಶ್ಯದ ಸೆಟ್ಟಿಂಗ್ ಅದಕ್ಕೆ ಹೊಂದುವುದಿಲ್ಲ.

ಮ್ಯಾನುಯಲ್ ಮೋಡಿಗೆ ಹೋಗಿ. ಐಎಸ್‌ಒ ಅಂದರೆ ಸೆನ್ಸರಿನ ಸೂಕ್ಷ್ಮತೆ, ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, 1/250 ಥರದ ಅಂಕಿ ಶಟರ್ ತೆರೆದಿರುವ ಹೊತ್ತು. ಐಎಸ್‌ಒ 400, ಎಫ್ 6.3 ಇದ್ದರೆ ಗುರುವಿಗೆ 1/250 ಸೆಕೆಂಡಿನಿಂದ ಶುರು ಮಾಡಿ. ಶನಿ ಮಂಕು, ಅದಕ್ಕೆ 1/60 ಆಸುಪಾಸು. ಮಂಗಳ ಹತ್ತಿರ ಬಂದಾಗ 1/1000ದ ಸುತ್ತ. ಶುಕ್ರನದು ಬೇರೆಯೇ ಕಥೆ. ಐಎಸ್‌ಒ 100ಕ್ಕೆ ಇಳಿಸಿ 1/2000ಕ್ಕೆ ಹೋದರೂ ಕೆಲವೊಮ್ಮೆ ಸಾಲುವುದಿಲ್ಲ. ಪರದೆಯಲ್ಲಿ ಗ್ರಹ ಸ್ವಲ್ಪ ಮಂಕಾಗಿ, ಬೂದು ಬಣ್ಣದಲ್ಲಿ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಚೆಂದ ಕಾಣುವ ಹೊತ್ತಿಗೆ ಬೆಳಕು ಹೆಚ್ಚಾಗಿರುತ್ತದೆ.

ಮೊಬೈಲಿನಲ್ಲಾದರೆ ಗ್ರಹದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಆಮೇಲೆ ಬೆಳಕಿನ ಗೆರೆಯನ್ನು ಕೆಳಗೆ ಎಳೆಯಿರಿ. ನೈಟ್ ಮೋಡ್ ಬೇಡವೇ ಬೇಡ.

ಪಟ್ಟೆ ಬಂತು, ಆದರೆ ಪಕ್ಕದ ಚಂದ್ರರು ಮಾಯವಾದರು ಅಂತೀರಾ? ಅದು ದೋಷವಲ್ಲ. ಚಂದ್ರರು ತುಂಬ ಮಂಕು. ಅವಕ್ಕೆ ಕಾಲು ಸೆಕೆಂಡಿನಷ್ಟು ಬೇಕು, ಆಗ ಗುರು ಮತ್ತೆ ಬಿಳಿ ಉಂಡೆ. ಎರಡು ಫೋಟೊ ತೆಗೆದು ಸೇರಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

1/1000ಕ್ಕೆ ಇಳಿಸಿ, ಉಂಡೆ ಕತ್ತಲಾದ ಮೇಲೂ ಪಟ್ಟೆ ಇಲ್ಲ ಅಂದರೆ ಫೋಕಸ್ ಕಡೆ ಹೋಗಿ. ಅಥವಾ ಈ ಕೆಳಗಿನ ಭಾಗ ಓದಿ.

ಸಾಸಿವೆ ಕಾಳಿನಷ್ಟು ಸಣ್ಣದಾಗಿ ಬರುತ್ತದೆ

ಗುರು ದೊಡ್ಡದಾಗಿ ಕಾಣುವ ಕಾಲದಲ್ಲಿ ಅದರ ಅಗಲ 45 ಆರ್ಕ್‌ಸೆಕೆಂಡಿನ ಸುತ್ತಮುತ್ತ. ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು. ನಮ್ಮ ಚಂದ್ರ ಸುಮಾರು 1800. ಅಂದರೆ ಚಂದ್ರನ ಅಗಲಕ್ಕೆ ನಲವತ್ತು ಗುರುಗಳನ್ನು ಸಾಲಾಗಿ ಜೋಡಿಸಬಹುದು. 300 ಮಿ.ಮೀ. ಲೆನ್ಸಿನಲ್ಲಿ ಸೆನ್ಸರ್ ಮೇಲೆ ಗುರುವಿನ ಬಿಂಬ ಬರೀ 0.065 ಮಿ.ಮೀ. ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಅದು ಹದಿನಾರು ಪಿಕ್ಸೆಲ್. ಹದಿನಾರು ಪಿಕ್ಸೆಲ್ಲಿನಲ್ಲಿ ಪಟ್ಟೆಯ ಸುಳಿವು ಸಿಕ್ಕರೆ ಅದೇ ದೊಡ್ಡದು. ನಿಮ್ಮ ಲೆನ್ಸು ಕೆಟ್ಟಿಲ್ಲ.

ನಿಕಾನ್ ಪಿ900 ಥರದ ಬ್ರಿಜ್ ಕ್ಯಾಮೆರಾದಲ್ಲಿ ಪಿಕ್ಸೆಲ್ ಪುಟ್ಟದು, ಹಾಗಾಗಿ ಐವತ್ತು ಅರವತ್ತು ಪಿಕ್ಸೆಲ್ ಸಿಗುತ್ತದೆ. ಹಕ್ಕಿ ಫೋಟೊಗೆ ಕೊಂಡ ಕ್ಯಾಮೆರಾದಲ್ಲಿ ಶನಿಯ ಬಳೆ ಕಾಣುವುದು ಹೀಗೆ. ಡಿಜಿಟಲ್ ಜೂಮ್ ಮಾತ್ರ ಆಫ್ ಮಾಡಿಡಿ. ಅದು ಇದ್ದದ್ದನ್ನೇ ಹಿಗ್ಗಿಸುತ್ತದೆ, ಹೊಸದೇನೂ ತರುವುದಿಲ್ಲ. 900 ಮಿ.ಮೀ. ನಾಭಿದೂರದ ಟೆಲಿಸ್ಕೋಪಿಗೆ ಎರಡು ಪಟ್ಟಿನ ಬಾರ್ಲೋ (ಬಿಂಬ ಹಿಗ್ಗಿಸುವ ಲೆನ್ಸು) ಹಾಕಿದರೆ ಡಿಎಸ್‌ಎಲ್‌ಆರ್‌ನಲ್ಲೂ ನೂರು ಪಿಕ್ಸೆಲ್ ಹತ್ತಿರ ಬರುತ್ತದೆ.

ಮಂಗಳನ ವಿಷಯದಲ್ಲಿ ವರ್ಷವೂ ಲೆಕ್ಕಕ್ಕೆ ಬರುತ್ತದೆ. 2003ರಲ್ಲಿ ಅದು 25 ಆರ್ಕ್‌ಸೆಕೆಂಡ್ ಇತ್ತು. 2025ರ ಜನವರಿಯಲ್ಲಿ ಸೂರ್ಯನ ಎದುರು ದಿಕ್ಕಿಗೆ ಬಂದಾಗ 15ಕ್ಕೂ ಕಡಿಮೆ. 2027ರ ಫೆಬ್ರವರಿಯಲ್ಲಿ ಇನ್ನೂ ಸ್ವಲ್ಪ ಸಣ್ಣದು. ಉಳಿದ ಎಷ್ಟೋ ತಿಂಗಳು ಅದೊಂದು ಕೆಂಪು ಚುಕ್ಕೆ, ಅಷ್ಟೇ.

ಮೊಟ್ಟೆಯಂತೆ ಉದ್ದವಾಗಿದೆ, ಅಥವಾ ಅಂಕುಡೊಂಕು ಗೆರೆ

ಇವೆರಡೂ ಬೇರೆ ಬೇರೆ ಕಾಯಿಲೆ. ನಾಲ್ಕು ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಉದ್ದವಾಗಿದ್ದರೆ ಅದು ಭೂಮಿ ತಿರುಗುತ್ತಿರುವುದು. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಸೆಕೆಂಡ್ ಶಟರ್ ತೆರೆದಿಟ್ಟರೆ ಗುರು ತನ್ನ ಮೂರನೇ ಒಂದು ಭಾಗದಷ್ಟು ಸರಿದಿರುತ್ತದೆ. ಶಟರ್ ವೇಗ ಹೆಚ್ಚಿಸಿದರೆ ಆಯಿತು.

ಒಂದೊಂದರಲ್ಲೂ ಒಂದೊಂದು ಆಕಾರವಿದ್ದರೆ ಅದು ಅಲುಗಾಟ. ಎರಡು ಸೆಕೆಂಡ್ ಟೈಮರ್ ಹಾಕಿ. ಟ್ರೈಪಾಡ್‌ನ ನಡುಗಂಬ ಕೆಳಗಿಳಿಸಿ. ಕ್ಯಾಮೆರಾ ಬ್ಯಾಗನ್ನೇ ಅದಕ್ಕೆ ತೂಗುಹಾಕಿ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ ನೋಡಿ, ಕೆಲವು ಲೆನ್ಸುಗಳಲ್ಲಿ ಅದೇ ಅಲುಗಿಸುತ್ತದೆ. ಡಿಎಸ್‌ಎಲ್‌ಆರ್ ಆದರೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತಾ) ತೆಗೆಯಿರಿ, ಒಳಗಿನ ಕನ್ನಡಿ ಬಡಿಯುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ನನಗೆ ಒಂದು ರಾತ್ರಿ ಹತ್ತು ನಿಮಿಷ ಗುರು ನಡುಗಿತು, ಆಮೇಲೆ ತಾನಾಗಿ ನಿಂತಿತು. ಕೆಳಗೆ ಸಂಪಿನ ಮೋಟರ್ ಹಾಕಿದ್ದರು.

ಫೋಕಸ್ ಸಿಗುತ್ತಲೇ ಇಲ್ಲ

ಆಟೋಫೋಕಸ್ ಬಿಟ್ಟುಬಿಡಿ. ಲೆನ್ಸಿನ ಮೇಲಿನ ಮಲಗಿದ ಎಂಟರಂಥ ಅನಂತ ದೂರದ ಗುರುತನ್ನೂ ನಂಬಬೇಡಿ. ಬಹಳಷ್ಟು ಲೆನ್ಸುಗಳು ಅದನ್ನು ದಾಟಿ ತಿರುಗುತ್ತವೆ. ಲೈವ್ ವ್ಯೂ ಹಾಕಿ ಹತ್ತು ಪಟ್ಟು ಹಿಗ್ಗಿಸಿ, ಗುರುವಿನ ಚಂದ್ರರನ್ನು ನೋಡುತ್ತಾ ಫೋಕಸ್ ಮಾಡಿ. ಗುರುವಿನ ಅಂಚಿಗಿಂತ ಚಂದ್ರರು ಸುಲಭ. ಅವು ಸೂಜಿಮೊನೆಯಷ್ಟಾದರೆ ಫೋಕಸ್ ಸಿಕ್ಕಿದೆ. ಆಮೇಲೆ ಫೋಕಸ್ ರಿಂಗಿಗೆ ಒಂದು ಚೂರು ಟೇಪ್ ಅಂಟಿಸಿ. ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ, ತಣ್ಣಗಾಗುತ್ತಾ ಹೋದಂತೆ ಫೋಕಸ್ ಸರಿಯುತ್ತದೆ.

ದುಡ್ಡಿಲ್ಲದ ಇನ್ನೊಂದು ಉಪಾಯ ಬಾಟಿನೋವ್ ಮಾಸ್ಕ್. ಲೆನ್ಸಿನ ಬಾಯಿಗೆ ಹಿಡಿಯುವ ಸೀಳು ಸೀಳಾದ ರಟ್ಟು. ದಪ್ಪನೆಯ ಮದುವೆ ಕಾರ್ಡಿನಲ್ಲಿ ಬ್ಲೇಡಿನಿಂದ ಕೊರೆದುಕೊಂಡರೆ 300 ಮಿ.ಮೀ. ಲೆನ್ಸಿಗೆ ಸಾಕು. ಹೊಳೆಯುವ ನಕ್ಷತ್ರಕ್ಕೆ ಹಿಡಿದರೆ ಮೂರು ಗೆರೆ ಕಾಣುತ್ತವೆ. ನಡುವಿನ ಗೆರೆ ಉಳಿದೆರಡರ ಸರಿಮಧ್ಯಕ್ಕೆ ಬಂದಾಗ ಫೋಕಸ್. ಆಮೇಲೆ ರಟ್ಟು ತೆಗೆಯುವುದನ್ನು ಮರೆಯಬೇಡಿ (ನಾನು ಮರೆತಿದ್ದೇನೆ).

ಸಣ್ಣ ಕನ್ನಡಿ ಟೆಲಿಸ್ಕೋಪಿಗೆ ಡಿಎಸ್‌ಎಲ್‌ಆರ್ ಜೋಡಿಸಿದವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಫೋಕಸರನ್ನು ಪೂರ್ತಿ ಒಳಗೆ ತಳ್ಳಿದರೂ ಬಿಂಬ ಇನ್ನೂ ಚಿಕ್ಕದಾಗುತ್ತಲೇ ಇರುತ್ತದೆ, ಚೂಪಾಗುವುದಿಲ್ಲ. ಹಗಲಲ್ಲಿ ಐವತ್ತು ಮೀಟರ್ ದೂರದ ತೆಂಗಿನಮರ ಫೋಕಸ್ ಆಗುತ್ತದೆ, ರಾತ್ರಿ ನಕ್ಷತ್ರ ಆಗುವುದಿಲ್ಲ ಅಂದರೆ ಇದೇ ಕಾರಣ. ಫೋಕಸ್ ಬೀಳುವ ಜಾಗಕ್ಕೆ ಸೆನ್ಸರ್ ತಲುಪುತ್ತಿಲ್ಲ. ಕೊಳವೆ ಕತ್ತರಿಸುವ ಸಾಹಸ ಬೇಡ. ಬಾರ್ಲೋ ಹಾಕಿದರೆ ಫೋಕಸ್ ಹೊರಕ್ಕೆ ಬರುತ್ತದೆ, ಬಿಂಬವೂ ದೊಡ್ಡದಾಗುತ್ತದೆ.

ನೀರಿನೊಳಗಿಂದ ನೋಡಿದ ಹಾಗೆ ಕುಣಿಯುತ್ತದೆ

ನಾನು ಮೂರು ರಾತ್ರಿ ಕಳೆದುಕೊಂಡದ್ದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬರಿಗಣ್ಣಿನಲ್ಲಿ ಆಕಾಶ ನೋಡಿ. ನಡು ಎತ್ತರದ ನಕ್ಷತ್ರಗಳೂ ಜೋರಾಗಿ ಮಿನುಗುತ್ತಿದ್ದರೆ ಮೇಲಿನ ಗಾಳಿ ಕಲಕಿದೆ. ಅದಕ್ಕೆ ನಿಮ್ಮ ಹತ್ತಿರ ಮದ್ದಿಲ್ಲ. ಇವತ್ತು ಬಿಟ್ಟು ನಾಳೆ ನೋಡಿ. ಮಳೆ ಬಂದು ತೊಳೆದಂತಿರುವ, ಗಾಳಿ ಬೀಸುವ ರಾತ್ರಿ ನಕ್ಷತ್ರರಾಶಿಗಳ ಫೋಟೊಗೆ ಚೆನ್ನ, ಗ್ರಹಗಳಿಗೆ ಹಲವು ಸಲ ಕೆಟ್ಟದ್ದು. ತೆಳ್ಳಗೆ ಮಬ್ಬು ಕವಿದ, ಎಲೆ ಅಲ್ಲಾಡದ ರಾತ್ರಿಯಲ್ಲಿ ಗುರು ಕೆತ್ತಿದ ಹಾಗೆ ನಿಲ್ಲುತ್ತದೆ. ಮೊದಮೊದಲು ನಾನು ಅಂಥ ರಾತ್ರಿಗಳಲ್ಲೇ ಬ್ಯಾಗ್ ತೆರೆಯದೆ ಮಲಗಿಬಿಡುತ್ತಿದ್ದೆ.

ನಕ್ಷತ್ರಗಳು ಶಾಂತವಾಗಿದ್ದು ನಿಮ್ಮ ವಿಡಿಯೊ ಮಾತ್ರ ಕುದಿಯುತ್ತಿದ್ದರೆ ತೊಂದರೆ ಹತ್ತಿರದಲ್ಲೇ ಇದೆ. ಗ್ರಹ ಎಷ್ಟು ಎತ್ತರದಲ್ಲಿದೆ ನೋಡಿ. 30 ಡಿಗ್ರಿಗಿಂತ ಕೆಳಗಿದ್ದರೆ ಕಾಯಿರಿ. ಈ ವಿಷಯದಲ್ಲಿ ನಾವು ಪುಣ್ಯವಂತರು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಗ್ರಹಗಳು ನೆತ್ತಿಯ ಹತ್ತಿರಕ್ಕೇ ಏರುತ್ತವೆ. 2026ರ ಜನವರಿಯಲ್ಲಿ ಮಿಥುನ ರಾಶಿಯಲ್ಲಿದ್ದ ಗುರು ನಡುರಾತ್ರಿ ಸುಮಾರು 80 ಡಿಗ್ರಿ ಎತ್ತರದಲ್ಲಿತ್ತು. ಲಂಡನ್ನಿನವರಿಗೆ ಈ ಭಾಗ್ಯ ಎಂದೂ ಇಲ್ಲ.

ಆಮೇಲೆ ಗ್ರಹದ ದಿಕ್ಕಿನಲ್ಲಿ ಏನಿದೆ ನೋಡಿ. ತಗಡಿನ ಶೀಟು, ಎಸಿಯ ಹೊರಗಿನ ಡಬ್ಬ, ಅಡುಗೆಮನೆಯ ಚಿಮಣಿ, ಹಗಲು ಕಾದ ಕಾಂಕ್ರೀಟು. ತಾರಸಿ ಎಷ್ಟೋ ಸಲ ನಡುರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಅಂಗಳದ ಮಣ್ಣು, ಹುಲ್ಲು ಇದ್ದರೆ ಅಲ್ಲಿಗಿಳಿಯಿರಿ. ಸಂಜೆ ತಾರಸಿಗೆ ನೀರು ಸುರಿಯುವ ಉಪಾಯ ಹೇಳುವವರಿದ್ದಾರೆ. ಆದರೆ ಒದ್ದೆ ನೆಲದ ಮೇಲೆ ಲ್ಯಾಪ್‌ಟಾಪ್‌ನ ಎಕ್ಸ್‌ಟೆನ್ಶನ್ ಬೋರ್ಡು ಎಳೆಯಬೇಕಾದರೆ ನಾನದನ್ನು ಒಪ್ಪುವುದಿಲ್ಲ. ಬ್ಯಾಟರಿಯಲ್ಲೇ ಕೆಲಸ ಮುಗಿಸಿ.

ಕಡೆಗೆ ಟೆಲಿಸ್ಕೋಪು. ಮನೆಯೊಳಗಿನ ಬೆಚ್ಚನೆಯ ಕೊಳವೆಯನ್ನು ಹೊರಗಿಟ್ಟ ತಕ್ಷಣ ಒಳಗಿನ ಗಾಳಿ ಸುಳಿಯುತ್ತದೆ. ಹೊಳೆಯುವ ನಕ್ಷತ್ರವೊಂದನ್ನು ಬೇಕಂತಲೇ ಫೋಕಸ್ ತಪ್ಪಿಸಿ ದೊಡ್ಡ ಬಿಲ್ಲೆ ಮಾಡಿ. ಬಿಲ್ಲೆಯೊಳಗೆ ಒಂದು ಕಡೆಯಿಂದ ಊದಿನಕಡ್ಡಿ ಹೊಗೆಯಂತೆ ಏನೋ ನಿಧಾನವಾಗಿ ಏಳುತ್ತಿದ್ದರೆ ಅದು ಕೊಳವೆಯ ಬಿಸಿ. ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಹೋಗುತ್ತದೆ. ಇಡೀ ಬಿಲ್ಲೆಯ ಮೇಲೆ ಅಲೆಗಳು ಸರಸರನೆ ಹರಿಯುತ್ತಿದ್ದರೆ ಅದು ಮೇಲಿನ ಗಾಳಿ.

ಒಂದು ಪಕ್ಕಕ್ಕೆ ಬಾಲ, ಇನ್ನೊಂದು ಪಕ್ಕ ಚೂಪು

ಗಾಳಿ ಶಾಂತವಿದೆ, ಕೊಳವೆ ತಣ್ಣಗಾಗಿದೆ, ಫೋಕಸ್ ಸರಿಯಿದೆ. ಆಗ ಮಾತ್ರ ಕನ್ನಡಿಯನ್ನು ಅನುಮಾನಿಸಿ.

ಮತ್ತೆ ಅದೇ ಪರೀಕ್ಷೆ. ನಕ್ಷತ್ರವನ್ನು ನೋಟದ ನಡುಮಧ್ಯಕ್ಕೆ ತಂದು ಫೋಕಸ್ ತಪ್ಪಿಸಿ. ಕನ್ನಡಿ ಟೆಲಿಸ್ಕೋಪಿನಲ್ಲಿ ಅದು ಉದ್ದಿನವಡೆಯಂತೆ ಕಾಣುತ್ತದೆ. ನಡುವಿನ ತೂತು ಚಿಕ್ಕ ಕನ್ನಡಿಯ ನೆರಳು. ತೂತು ವಡೆಯ ಮಧ್ಯದಲ್ಲಿದ್ದರೆ ಕನ್ನಡಿಗಳು ಸರಿಯಾಗಿವೆ. ತೂತು ಒಂದು ಕಡೆ ಸರಿದು, ವಡೆ ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳ್ಳಗಾಗಿದ್ದರೆ ಕನ್ನಡಿ ವಾಲಿದೆ. ಹಿಂದಿನ ಮೂರು ತಿರುಪುಗಳಲ್ಲಿ ಒಂದನ್ನು ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ಮಧ್ಯಕ್ಕೆ ತಂದು ನೋಡಿ. ಜಾಸ್ತಿಯಾಯಿತಾ, ಕಡಿಮೆಯಾಯಿತಾ? ಬರೆದಿಟ್ಟುಕೊಳ್ಳಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ನನ್ನ ಗತಿಯೇ.

ವಡೆ ದುಂಡಗಿಲ್ಲದೆ ಉದ್ದವಾಗಿದ್ದು, ಫೋಕಸಿನ ಆ ಕಡೆಗೆ ಹೋದಾಗ ಉದ್ದ ಅಡ್ಡವಾಗಿ ತಿರುಗಿದರೆ ಕನ್ನಡಿಯೇ ಸೊಟ್ಟ, ಅಥವಾ ಹಿಡಿಕೆಗಳು ಬಿಗಿಯಾಗಿ ಅದನ್ನು ಹಿಂಡುತ್ತಿವೆ. ವಡೆ ಮೂರು ಮೂಲೆಯಾಗಿ ಕಂಡರೂ ಹಿಂಡುವಿಕೆಯೇ. ತಿರುಪಿನಲ್ಲಿ ಇದು ಹೋಗುವುದಿಲ್ಲ. ಇಲ್ಲಿಗೆ ನಿಲ್ಲಿಸಿ, ತಿಳಿದವರಿಗೆ ತೋರಿಸಿ.

ಅಂಚಿನಲ್ಲಿ ನೀಲಿ, ಕೆಂಪು

ಒಂದು ಅಂಚು ನೀಲಿ, ಎದುರಿನ ಅಂಚು ಕೆಂಪಾಗಿದ್ದರೆ ವಾತಾವರಣ ಗಾಜಿನ ಪಟ್ಟಕದ ಕೆಲಸ ಮಾಡುತ್ತಿದೆ. ನೆತ್ತಿಯ ಕಡೆ ನೀಲಿ, ದಿಗಂತದ ಕಡೆ ಕೆಂಪು. ಗ್ರಹ ಮೇಲೇರಿದಂತೆ ಕಡಿಮೆಯಾಗುತ್ತದೆ. ಉಳಿದದ್ದನ್ನು ಫೋಟೊ ತಿದ್ದುವ ತಂತ್ರಾಂಶವಾದ ರೆಜಿಸ್ಟ್ಯಾಕ್ಸ್‌ನಲ್ಲಿ ಮೂರು ಬಣ್ಣಗಳನ್ನು ಮತ್ತೆ ಜೋಡಿಸಿ ಸರಿಮಾಡಬಹುದು. ಸುತ್ತಲೂ ಒಂದೇ ಸಮ ನೇರಳೆ ಬಳೆಯಿದ್ದರೆ ಅದು ಲೆನ್ಸಿನ ಗುಣ. ಅಗ್ಗದ ಲೆನ್ಸು ಟೆಲಿಸ್ಕೋಪಿನಲ್ಲಿ ಅದು ಇದ್ದದ್ದೇ.

ಫೋಟೊದಲ್ಲಿ ಬೇಡದ ಚುಕ್ಕೆಗಳು

ಕ್ಯಾಮೆರಾವನ್ನು ಸ್ವಲ್ಪ ಸರಿಸಿ ಇನ್ನೊಂದು ಫೋಟೊ ತೆಗೆಯಿರಿ. ಗ್ರಹ ಸರಿಯಿತು, ಚುಕ್ಕೆ ಚೌಕಟ್ಟಿನ ಅದೇ ಜಾಗದಲ್ಲಿದೆ ಅಂದರೆ ಅದು ಸೆನ್ಸರಿನ ಹಾಟ್ ಪಿಕ್ಸೆಲ್, ಅಂದರೆ ಬೆಳಕಿಲ್ಲದೆಯೂ ಹೊಳೆಯುವ ಬಿಂದು. ಗ್ರಹ ಒಂದು ಕಡೆ ಸರಿದಾಗ ಚುಕ್ಕೆ ಎದುರು ಕಡೆಗೆ ಓಡಿದರೆ ಗಾಜುಗಳ ನಡುವಿನ ಪ್ರತಿಫಲನ. ಮುಂದಿನ ಯುವಿ ಫಿಲ್ಟರ್ ಬಿಚ್ಚಿ. ಗ್ರಹದ ಜೊತೆಯಲ್ಲೇ, ಅಷ್ಟೇ ದೂರದಲ್ಲಿ ಸರಿದರೆ ಅದು ನಿಜವಾಗಿ ಆಕಾಶದಲ್ಲಿದೆ. ಗುರುವಿನ ಎರಡೂ ಕಡೆ ಒಂದೇ ಸಾಲಿನಲ್ಲಿರುವ ಚುಕ್ಕೆಗಳನ್ನು ಕೊಳೆ ಅಂತ ಅಳಿಸಿಬಿಟ್ಟವರನ್ನು ನಾನು ನೋಡಿದ್ದೇನೆ. ಅವು ಗುರುವಿನ ಚಂದ್ರರು, 1610ರಲ್ಲಿ ಗೆಲಿಲಿಯೊ ಕಂಡದ್ದು ಅವನ್ನೇ.

ಅರ್ಧ ಗಂಟೆ ಚೆನ್ನಾಗಿತ್ತು, ಆಮೇಲೆ ಎಲ್ಲ ಮಬ್ಬು

ಇಬ್ಬನಿ. ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನ ಮುಖ ನೋಡಿ. ಅಂಗಿಯ ತುದಿಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ದೂರದಿಂದ ಹಿಡಿಯಿರಿ. ಕಪ್ಪು ಡ್ರಾಯಿಂಗ್ ಶೀಟನ್ನು ಸುರುಳಿ ಸುತ್ತಿ ಲೆನ್ಸಿನ ಮುಂದಕ್ಕೆ ಚಾಚುವಂತೆ ಕಟ್ಟಿದರೆ ಇಬ್ಬನಿ ತಡವಾಗಿ ಕೂರುತ್ತದೆ. ಒಳಗೆ ತಂದ ಮೇಲೆ ಒದ್ದೆ ಇರುವಾಗಲೇ ಬ್ಯಾಗಿಗೆ ತುಂಬಬೇಡಿ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಬೂಷ್ಟು ಹಿಡಿದ ಲೆನ್ಸು ಅಲ್ಲಿ ಮನೆಗೊಂದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಮನೆಯಲ್ಲಿ ಬಿಚ್ಚದೆ ರಿಪೇರಿಗೆ ಕೊಡಿ.

ಸ್ಟ್ಯಾಕ್ ಮಾಡಿದ ಮೇಲೆ ಈರುಳ್ಳಿ ಪದರ

ಒಂದೇ ಫೋಟೊ ಬದಲು ವಿಡಿಯೊ ತೆಗೆದು, ಅದರಲ್ಲಿನ ಒಳ್ಳೆಯ ಚೌಕಟ್ಟುಗಳನ್ನು (ಫ್ರೇಮ್) ಕಂಪ್ಯೂಟರಿನ ತಂತ್ರಾಂಶವಾದ ಆಟೋಸ್ಟ್ಯಾಕರ್ಟ್‌ನಲ್ಲಿ ಒಂದರ ಮೇಲೊಂದು ಸೇರಿಸುವುದೇ ಗ್ರಹಗಳ ಫೋಟೊದ ಗುಟ್ಟು. ಎರಡು ನಿಮಿಷದ ವಿಡಿಯೊದಲ್ಲಿ ಸೆಕೆಂಡಿಗೆ 30ರಂತೆ 3600 ಚೌಕಟ್ಟು ಸಿಗುತ್ತವೆ, ಅದರಲ್ಲಿ ಕಾಲು ಭಾಗ ಇಟ್ಟುಕೊಂಡರೆ ಸಾಕು. ಮೊಬೈಲ್ ವಿಡಿಯೊ ತೆರೆಯದಿದ್ದರೆ ಪಿಪ್ ತಂತ್ರಾಂಶದಲ್ಲಿ ಎವಿಐಗೆ ಬದಲಿಸಿ, ಅದು ಗ್ರಹವನ್ನು ಮಧ್ಯಕ್ಕೂ ತಂದು ಕೊಡುತ್ತದೆ.

ಚೂಪು ಮಾಡಿದಾಗ ಗ್ರಹದೊಳಗೆ ಈರುಳ್ಳಿ ಪದರದಂತೆ ಬಳೆಗಳು ಎದ್ದರೆ ಒಂದೋ ವಿಡಿಯೊ ತೀರಾ ಕತ್ತಲಾಗಿತ್ತು, ಇಲ್ಲ ನೀವು ವೇವ್‌ಲೆಟ್ ಅನ್ನುವ ಚೂಪು ಮಾಡುವ ಸ್ಲೈಡರನ್ನು ಜಾಸ್ತಿ ಎಳೆದಿದ್ದೀರಿ. ಮೊದಲು ಎಳೆದದ್ದನ್ನು ಅರ್ಧಕ್ಕೆ ಇಳಿಸಿ. ಮುಂದಿನ ಸಲ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮೂರನೇ ಎರಡು ಭಾಗದವರೆಗೆ ಬರುವಂತೆ ತೆಗೆಯಿರಿ. ಪಟ್ಟೆಗಳು ಚೆನ್ನಾಗಿದ್ದು ಒಳಗಿನ ಕಲೆಗಳು ಮಾತ್ರ ಅಡ್ಡಕ್ಕೆ ಸವರಿದಂತಿದ್ದರೆ ವಿಡಿಯೊ ಉದ್ದವಾಯಿತು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ. ಸಣ್ಣ ಟೆಲಿಸ್ಕೋಪಿನಲ್ಲಿ ಎರಡು ಮೂರು ನಿಮಿಷ ದಾಟಬೇಡಿ.

ಶನಿಗೆ ಬಳೆಯೇ ಇಲ್ಲ

2025ರಲ್ಲಿ ಶನಿ ತೆಗೆದವರು ಹಳೇ ಫೋಟೊ ನೋಡಿಕೊಂಡು ಗಾಬರಿಯಾದರು. ಬಳೆಯ ಜಾಗದಲ್ಲಿ ಒಂದು ಗೆರೆ. ಆ ವರ್ಷ ಮಾರ್ಚಿನಲ್ಲಿ ಭೂಮಿ ಬಳೆಗಳ ಮಟ್ಟವನ್ನು ದಾಟಿತು, ಅಂದರೆ ಬಳೆ ನಮ್ಮ ಕಡೆಗೆ ಬರೀ ಅಂಚು ತೋರಿಸಿತು, ನವೆಂಬರಿನ ಕೊನೆಯಲ್ಲೂ ಬಳೆ ತೀರಾ ತೆಳ್ಳಗೆ ಕಂಡಿತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಈಗ ಮತ್ತೆ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತದೆ. ಕ್ಯಾಮೆರಾದಲ್ಲಿ ಏನೂ ಮಾಡಬೇಕಾಗಿಲ್ಲ.

ಯಾವಾಗ ಕೈಬಿಟ್ಟು ಇನ್ನೊಬ್ಬರಿಗೆ ತೋರಿಸಬೇಕು

ಲೆನ್ಸು ಅಲುಗಿಸಿದರೆ ಒಳಗೆ ಏನಾದರೂ ಗಡಗಡ ಅಂದರೆ. ಎಲ್ಲ ಫೋಟೊದಲ್ಲೂ ಒಂದೇ ಜಾಗದಲ್ಲಿ ನೆಟ್ಟಗೆ ಗೆರೆ ಇದ್ದರೆ. ವಡೆ ಮೂರು ಮೂಲೆಯಾಗಿಯೇ ಉಳಿದರೆ. ಕನ್ನಡಿ ಕೊಳೆಯಾಗಿದೆ, ತೊಳೆಯೋಣ ಅನ್ನಿಸಿದರೆ ಕೂಡ. ಕನ್ನಡಿಯ ಮೇಲೆ ಸ್ವಲ್ಪ ಧೂಳಿದ್ದರೆ ಗುರುವಿಗೆ ಏನೂ ಆಗುವುದಿಲ್ಲ, ಉಜ್ಜಿದರೆ ಲೇಪ ಹೋಗುತ್ತದೆ.

ಅಂಗಡಿಗೆ ಹೋಗುವ ಮೊದಲು ಊರಿನ ಹವ್ಯಾಸಿ ಖಗೋಳ ಕೂಟದವರು ಆಕಾಶ ನೋಡಲು ಸೇರುವ ರಾತ್ರಿಗೆ ಒಯ್ಯಿರಿ. ಕನ್ನಡಿ ಹೊಂದಿಸುವ ಲೇಸರ್ ಅಲ್ಲಿ ಯಾರ ಬಳಿಯಾದರೂ ಇರುತ್ತದೆ, ಐದು ನಿಮಿಷದ ಕೆಲಸ. ಹೋಗುವಾಗ ಎರಡು ವಿಡಿಯೊ ಇಟ್ಟುಕೊಂಡು ಹೋಗಿ. ಒಂದು ಫೋಕಸ್ ಆದ ಗ್ರಹದ್ದು, ಇನ್ನೊಂದು ಫೋಕಸ್ ತಪ್ಪಿಸಿದ ನಕ್ಷತ್ರದ್ದು, ತಲಾ ಮೂವತ್ತು ಸೆಕೆಂಡ್. ಯಾವ ದಿನ, ಎಷ್ಟು ಗಂಟೆ, ಎಷ್ಟು ಎತ್ತರ, ಯಾವ ಸೆಟ್ಟಿಂಗ್ ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ತಿರುಪನ್ನು ಎಷ್ಟು ತಿರುಗಿಸಿದ್ದೀರಿ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ನಾನು ಮುಚ್ಚಿಟ್ಟಿದ್ದಕ್ಕೆ ಪಾಪ ಅವರು ಒಂದು ಗಂಟೆ ಒದ್ದಾಡಿದರು.